ನೆಳ್ಳೊಲದ ಬೊಮ್ಮಕ್ಕ

ಬೊಮ್ಮಕ್ಕನ ಪಾಲಿಗೆ ಬಂದ ಹೊಲಕ್ಕೆ ಬೆಳಗಿನ ಬಿಸಿಲು ತಡವಾಗಿ ಬರುತ್ತಿತ್ತು. ಪೂರ್ವಕ್ಕೆ ಕಲ್ಲುಗುಡ್ಡ, ಪಶ್ಚಿಮಕ್ಕೆ ಕೆರೆಯ ಅಂಗಳ, ನಡುವೆ ಮೊರದಂತೆ ತಗ್ಗಾದ ಎರಡು ಎಕರೆ. ಊರಿನ ಉಳಿದ ಹೊಲಗಳಲ್ಲಿ ಇಬ್ಬನಿ ಆರಿ, ದನಗಳು ಮೇವಿಗೆ ಹೊರಟು, ಹೆಂಗಸರು ಎರಡನೆಯ ಸಲ ನೀರಿಗೆ ಬಂದು ಹೋದ ಮೇಲೂ ಅಲ್ಲಿನ ರಾಗಿಯ ಗರಿಗಳ ಮೇಲೆ ಹನಿಗಳು ಹಾಗೇ ಕೂತಿರುತ್ತಿದ್ದವು. ನೋಡುವುದಕ್ಕೆ ಚೆಂದ. ಆದರೆ ಆ ಚೆಂದವೇ ಪೈರಿಗೆ ಮುಳುವು. ತೆನೆ ಹೊರಟು ಹಾಲುಗಟ್ಟುವ ಹೊತ್ತಿಗೆ ತೆನೆಯ ಕುತ್ತಿಗೆ ಕಪ್ಪಾಗಿ ಒಣಗುತ್ತಿತ್ತು. ಕೈಯಲ್ಲಿ ಹಿಸುಕಿದರೆ ಬರೀ ಜೊಳ್ಳು. ಊರವರು ಅದನ್ನು ಬೆಂಕಿ ರೋಗ ಎನ್ನುತ್ತಿದ್ದರು. ಆ ನೆರಳಿನ ಹೊಲವನ್ನು ನೆಳ್ಳೊಲ ಎನ್ನುತ್ತಿದ್ದರು.

ಅವಳ ಗಂಡನ ಮನೆಯ ಅಣ್ಣತಮ್ಮಂದಿರು ಬೇರೆಯಾದಾಗ ದೊಡ್ಡವನು ತಿಪ್ಪಯ್ಯ ದಿಬ್ಬದ ಮೇಲಿನ ಕೆಂಪು ಹೊಲ ಇಟ್ಟುಕೊಂಡು, ತಮ್ಮ ಪಾಲಪ್ಪನಿಗೆ ನೆಳ್ಳೊಲವನ್ನೂ ಅದರ ಮೇಲಿನ ಮೂಲೆಯ ಹಳೇ ಬಾವಿಯನ್ನೂ ಬಿಟ್ಟನು. ಪಾಲಪ್ಪ ಮಾತು ಕಡಿಮೆಯ ಮನುಷ್ಯ. ಮನೆಗೆ ಬಂದು ಜಗುಲಿಯ ಮೇಲೆ ಕೂತನಂತೆ. ಆಗ ಬೊಮ್ಮಕ್ಕ ಪಾವಗಡದ ಕಡೆಯಿಂದ ಮದುವೆಯಾಗಿ ಬಂದು ಇನ್ನೂ ಹೊಸದು. ಕೋಟೆಯ ಬೆಟ್ಟದ ಬುಡದಲ್ಲಿ, ಕಲ್ಲು ಕಾದು ಕಾಲು ಸುಡುವ ಊರಿನಲ್ಲಿ ಬೆಳೆದವಳು. ಗಂಡನ ಮುಂದೆ ಅಂಬಲಿಯ ಚೊಂಬು ಇಟ್ಟು ಅಂದಳಂತೆ: "ನಮ್ ಕಡೆ ನೆಳ್ಳು ಅಂದ್ರೆ ಬಂಗಾರ ಕಣಯ್ಯ. ನಿಮ್ಮಣ್ಣ ಬಿಸ್ಲು ಮಡೀಕಂಡು ನಮಗೆ ನೆಳ್ಳು ಕೊಟ್ಟವ್ನೆ. ಕುಡಿ, ತಣ್ಣಗಾಗ್ತದೆ."

ಈ ಮಾತನ್ನು ನನಗೆ ಹೇಳಿದವನು ಪಾಲಪ್ಪನೇ. ಹೇಳಿ, ಮಾತು ಜಾಸ್ತಿಯಾಯಿತೆನ್ನುವಂತೆ ಎದ್ದು ಎತ್ತಿನ ಕಡೆಗೆ ಹೋಗಿದ್ದ.

ನೆಳ್ಳೊಲದ ರಾಗಿ ಹೊಟ್ಟೆ ತುಂಬಿಸದಿದ್ದಾಗ ಬೊಮ್ಮಕ್ಕ ಬಾವಿಯ ಪಕ್ಕದ ತುಂಡು ನೆಲದಲ್ಲಿ ಕನಕಾಂಬರ, ಕಾಕಡ ಹಾಕಿದಳು. ಪಾಲಪ್ಪ ಎತ್ತು ಹೂಡಿ ಕಪಿಲೆಯಿಂದ ನೀರೆತ್ತುವನು, ಬೊಮ್ಮಕ್ಕ ಹೂವು ಬಿಡಿಸಿ ಕಟ್ಟುವಳು. ಶುಕ್ರವಾರ ಗೊರವನಹಳ್ಳಿಯ ತಾಯಿಯ ಗುಡಿಗೆ ಹೋಗುವ ಬಸ್ಸುಗಳು ಊರ ಮುಂದಿನ ಹುಣಸೆಮರದ ಹತ್ತಿರ ನಿಲ್ಲುತ್ತಿದ್ದವು. ಮಧುಗಿರಿ, ಸಿರಾ ಕಡೆಯ ಹೆಂಗಸರು ಕಿಟಕಿಯಿಂದ ಕೈ ಚಾಚಿ ಅವಳ ಮಾಲೆ ತೆಗೆದುಕೊಳ್ಳುತ್ತಿದ್ದರು. ಕೈ ಚಾಚಿದವರಲ್ಲಿ ನನ್ನ ಅಮ್ಮನೂ ಒಬ್ಬಳಾಗಿದ್ದಿರಬೇಕು. ಆಗ ನನಗೆ ಅದು ಗೊತ್ತಿರಲಿಲ್ಲ.

ನಾನು ಬೊಮ್ಮಕ್ಕನನ್ನು ಮೊದಲು ಕಂಡದ್ದು ೧೯೮೨ರಲ್ಲಿ. ಮಧುಗಿರಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, ಬೆಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಅಲ್ಲಿನ ಒಂದು ಸಂಶೋಧನಾ ಕೇಂದ್ರದಲ್ಲಿ ರೇಣುಕಯ್ಯ ಮೇಷ್ಟ್ರ ಕೈಕೆಳಗೆ ಪಿಎಚ್.ಡಿ.ಗೆ ಒಂದು ಜಾಗ ಸಿಕ್ಕಿತ್ತು. ಬೆಂಕಿ ರೋಗ ತಗುಲುವ ರಾಗಿ, ತಗುಲದ ರಾಗಿ ಎರಡನ್ನೂ ಕೂಡಿಸಿ, ಅವುಗಳ ಮಕ್ಕಳಿಗೆ, ಮೊಮ್ಮಕ್ಕಳಿಗೆ ರೋಗ ತಡೆಯುವ ಗುಣ ಹೇಗೆ ಇಳಿದು ಬರುತ್ತದೆಂದು ನೋಡುವುದು ನನ್ನ ಕೆಲಸ. ಕೂಡಿಸುವ ಕೆಲಸ ಬೆಂಗಳೂರಿನಲ್ಲೇ ಆಗುತ್ತಿತ್ತು. ಆದರೆ ರೋಗಕ್ಕೆ ಒಡ್ಡಿ ನೋಡಲು ವರ್ಷವೂ ತಪ್ಪದೆ ರೋಗ ಬರುವ ಹೊಲ ಬೇಕು. ಅಂಥದನ್ನು ಹುಡುಕಿಕೊಂಡು ನಾನೂ ಮೇಷ್ಟ್ರೂ ಕೊರಟಗೆರೆ ಸುತ್ತಿನ ಹಳ್ಳಿಗಳಲ್ಲಿ ಅಲೆದೆವು.

ಯಾರೂ ಒಪ್ಪಿಕೊಳ್ಳಲಿಲ್ಲ. ರೋಗವಿದೆಯೇ ಎಂದು ಕೇಳಿದರೆ ಮಗಳಿಗೆ ಮೈ ಸರಿಯಿಲ್ಲವೇ ಎಂದು ಕೇಳಿದಂತೆ ಮುಖ ಮಾಡುತ್ತಿದ್ದರು. "ನಮ್ಮ ಹೊಲದಾಗೆ ಎಲ್ಲೈತೆ ಸ್ವಾಮಿ? ಪಕ್ಕದೋರಲ್ಲಿ ಕೇಳಿ." ಪಕ್ಕದವರು ಅವರ ಪಕ್ಕದವರನ್ನು ತೋರಿಸುತ್ತಿದ್ದರು. ಹುಣಸೆಮರದ ಕೆಳಗೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ನಮ್ಮ ಮಾತು ಕೇಳಿಸಿಕೊಂಡು ತಲೆಯೆತ್ತಿದಳು.

"ರೋಗ ಬೇಕಾ? ನಮ್ಮಲ್ಲಿ ಬೇಕಾದಷ್ಟೈತೆ, ಬನ್ನಿ."

ಮೇಷ್ಟ್ರು ನಕ್ಕರು. ಅವಳು ನಗಲಿಲ್ಲ. ಬುಟ್ಟಿ ಕಂಕುಳಿಗೇರಿಸಿಕೊಂಡು ಮುಂದೆ ಮುಂದೆ ನಡೆದಳು. ನೆಳ್ಳೊಲದ ಬದುವಿನ ಮೇಲೆ ನಿಂತು, ಒಳ್ಳೆಯ ಕರುವನ್ನು ತೋರಿಸುವವರ ಹಾಗೆ ಕಪ್ಪಾದ ತೆನೆಗಳನ್ನು ತೋರಿಸಿದಳು. "ನೋಡಿ. ನಾನು ಬಂದಾಗಿಂದ ಒಂದ್ ವರ್ಸನೂ ತಪ್ಪಿಲ್ಲ. ಇದುನ್ನ ಕೇಳ್ಕಂಡು ಬಂದೋರು ನೀವೇ ಮೊದ್ಲು."

ಹಾಗೆ ನೆಳ್ಳೊಲದ ಕೆಳಗಿನ ಅರ್ಧ ನನ್ನ ಪಾಲಿಗೆ ಬಂತು. ಮೊದಲ ಪೀಳಿಗೆಯನ್ನು ಬೆಂಗಳೂರಿನಲ್ಲಿ ಬೆಳೆದು, ಅದರ ಬೀಜವನ್ನು ಮರುವರ್ಷದ ಮುಂಗಾರಿನಲ್ಲಿ ಅಲ್ಲಿ ನೆಟ್ಟೆವು. ಮಧುಗಿರಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದೆ. ಬೊಮ್ಮಕ್ಕ ಮಧ್ಯಾಹ್ನ ಮುದ್ದೆ ಉಪ್ಸಾರು ತಂದು ಬದುವಿನ ಹೊಂಗೆಯ ಕೆಳಗಿಡುತ್ತಿದ್ದಳು. ನಾನು ತಂದ ಡಬ್ಬಿಯ ಚಿತ್ರಾನ್ನವನ್ನು ಒಂದು ತುತ್ತು ತಿಂದು, "ಇದು ನೆಂಟ್ರ ಊಟ, ಕೆಲ್ಸದೋರ ಊಟ ಅಲ್ಲ" ಎಂದು ಡಬ್ಬಿ ಮುಚ್ಚುತ್ತಿದ್ದಳು. ಸರ್ವಮಂಗಳಾ ಎಂಬ ನನ್ನ ಹೆಸರು ಅವಳ ಬಾಯಲ್ಲಿ ಮಂಗಳವ್ವ ಆಯಿತು. ಖುಷಿಯಾದಾಗ ತವರಿನ ತೆಲುಗು ಬಂದು ಅಮ್ಮಾಯಿ ಆಗುತ್ತಿತ್ತು.

ತೆನೆ ಬಂತು, ಹೇಳಿದಂತೆ ರೋಗವೂ ಬಂತು. ನಾನು ಗಿಡ ಗಿಡಕ್ಕೂ ಹೋಗಿ, ಕುತ್ತಿಗೆ ಕಪ್ಪಾದ ಗಿಡಕ್ಕೆ ಕೆಂಪು ದಾರ, ಆಗದ್ದಕ್ಕೆ ಬಿಳಿ ದಾರ ಕಟ್ಟಿದೆ. ಪ್ರತಿ ದಾರಕ್ಕೂ ಗಿಡದ ನಂಬರು ಬರೆದ ಮೇಣದ ಕಾಗದದ ಚೀಟಿ. ಬೊಮ್ಮಕ್ಕ ಬದುವಿನ ಮೇಲಿಂದ ನೋಡಿ ಕೇಳಿದಳು: "ಏನಮ್ಮಾಯಿ, ಪೈರಿಗೆಲ್ಲ ಕಂಕಣ ಕಟ್ಟಿದ್ದೀಯ. ಲಗ್ನ ಯಾವತ್ತು?"

"ಕುಯ್ಲಿನ ದಿವಸ, ಬೊಮ್ಮಕ್ಕ."

ಆ ಕೊಯ್ಲನ್ನು ನಾನೇ ಮಾಡಬೇಕಿತ್ತು. ಒಂದೊಂದು ಗಿಡದ ತೆನೆಯನ್ನೂ ಬೇರೆ ಬೇರೆ ಕಾಗದದ ಚೀಲಕ್ಕೆ ಹಾಕಿ, ಮುಂದಿನ ಮುಂಗಾರಿನಲ್ಲಿ ಬೇರೆ ಬೇರೆ ಸಾಲಾಗಿ ಬಿತ್ತಬೇಕಿತ್ತು. ಆದರೆ ನವೆಂಬರಿನಲ್ಲಿ, ತೆನೆ ಬಲಿಯುವುದಕ್ಕೆ ಇನ್ನು ಕೆಲವೇ ದಿನ ಇರುವಾಗ, ಕೆಲಸದ ವರದಿ ಒಪ್ಪಿಸಲು ಬೆಂಗಳೂರಿಗೆ ಕರೆ ಬಂತು. ಬಂದು ಕೊಯ್ಯುತ್ತೇನೆಂದು ಹೇಳಿ ಹೋದೆ.

ನಾನು ಅಲ್ಲಿರುವಾಗ ಮೋಡ ಕವಿಯಿತು. ರೇಡಿಯೋದಲ್ಲಿ ಬಂಗಾಳಕೊಲ್ಲಿಯ ಬಿರುಗಾಳಿಯ ಸುದ್ದಿ. ವರದಿ ಮುಗಿದ ಕೂಡಲೇ ಬಸ್ಸು ಹತ್ತಿದೆ. ಹುಣಸೆಮರದ ಹತ್ತಿರ ಇಳಿದಾಗ ಬೊಮ್ಮಕ್ಕ ಅಲ್ಲೇ ನಿಂತಿದ್ದಳು. ಮುಖ ಅರಳಿತ್ತು.

"ಓಡ್ಬೇಡ, ನಿಧಾನಕ್ಕೆ ಬಾ. ನಿನ್ ರಾಗಿ ಬದುಕ್ತು. ಊರೆಲ್ಲ ಮುಯ್ಯಾಳು ಕರ್ದು ನೆನ್ನೆ ಒಂದೇ ದಿನದಾಗೆ ಕುಯ್ದು ಮೆದೆ ಒಟ್ಟಿಬುಟ್ವಿ!"

ಮುಯ್ಯಾಳು ಎಂದರೆ ಕೂಲಿಯಿಲ್ಲದ ಆಳು. ಇಂದು ನಿನ್ನ ಹೊಲಕ್ಕೆ ನಾನು ಬಂದರೆ, ನಾಳೆ ನನ್ನ ಹೊಲಕ್ಕೆ ನೀನು. ಕೊಯ್ಲಿನ ಕಾಲದಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಅಂಥದರಲ್ಲಿ ಬೊಮ್ಮಕ್ಕ ಮನೆ ಮನೆಗೆ ಹೋಗಿ, ತನ್ನ ಮುಂದಿನ ದಿನಗಳನ್ನೆಲ್ಲ ಒತ್ತೆಯಿಟ್ಟು, ಹೆಂಗಸರನ್ನು ಕರೆತಂದಿದ್ದಳು.

ಹೊಲದಲ್ಲಿ ಕೂಳೆ ಮಾತ್ರ ನಿಂತಿತ್ತು. ಕಣದ ಪಕ್ಕದಲ್ಲಿ ಮೆದೆ, ಅದರ ಮೇಲೆ ಮಳೆ ಇಳಿಯದಂತೆ ಹುಲ್ಲಿನ ಹೊದಿಕೆ. ದಾರ ಇನ್ನೂ ಗಿಡಕ್ಕಿದ್ದರೆ ಒಂದೊಂದಾಗಿ ಆರಿಸಬಹುದೆಂದು ಮೆದೆಯ ಒಳಕ್ಕೆ ಕೈ ಹಾಕಿದೆ. ಯಾವ ಕಂತೆಯಲ್ಲೂ ದಾರವಿರಲಿಲ್ಲ. ಅಷ್ಟರಲ್ಲಿ ಬೊಮ್ಮಕ್ಕ ಮನೆಯೊಳಗಿಂದ ಒಂದು ಬಟ್ಟೆಯ ಗಂಟು ತಂದು ನನ್ನ ಕೈಗಿಟ್ಟಳು.

"ನಿನ್ ದಾರ, ಚೀಟಿ. ಒಂದೂ ಕಳೀಲಿಲ್ಲ. ಮಣ್ಣಾಗಿತ್ತು ಅಂತ ದಾರಾನೆಲ್ಲ ತೊಳ್ದು ಒಣಗ್ಸಿವ್ನಿ."

ಆ ಊರಿನಲ್ಲಿ ಕಣಕ್ಕೆ ಗಂಟು ಹೋಗಬಾರದು. ಹೊರೆಯ ಹುರಿಯನ್ನೂ ಕಣದ ಅಂಚಿನಲ್ಲೇ ಬಿಚ್ಚುತ್ತಾರೆ. ಹೆಂಗಸರು ಕಣಕ್ಕೆ ಕಾಲಿಡುವ ಮುಂಚೆ ಸೆರಗಿನ ತುದಿಯಲ್ಲಿ ಎಲೆ ಅಡಿಕೆ ಕಟ್ಟಿಕೊಂಡಿದ್ದರೆ ಅದನ್ನೂ ಬಿಚ್ಚಿಡುತ್ತಾರೆ. ರಾಶಿಯೊಳಗೆ ಗಂಟು ಸೇರಿದರೆ ಹುಲುಸು ಕಟ್ಟಿಹೋಗುತ್ತದೆಂಬ ನಂಬಿಕೆ. ನನ್ನ ಪೈರಿನ ಹುಲುಸು ಕಟ್ಟದಿರಲೆಂದು, ಅಷ್ಟು ಅವಸರದಲ್ಲೂ ಒಂದೊಂದು ಗಂಟನ್ನೂ ಉಗುರಿನಿಂದ ಬಿಡಿಸಿದ್ದರು.

ನಾನು ಅಲ್ಲೇ ಕೂತುಬಿಟ್ಟೆ. ಬೊಮ್ಮಕ್ಕ ನನ್ನ ಮುಖ ನೋಡಿದಳು.

"ಯಾಕವ್ವ? ಏನಾಯ್ತು?"

"ಇವೆಲ್ಲ ಒಂದೇ ಅಜ್ಜಿಯ ಮೊಮ್ಮಕ್ಕಳು ಬೊಮ್ಮಕ್ಕ. ಯಾವುದು ಯಾರು ಅನ್ನೋದು ಆ ದಾರದಲ್ಲಿತ್ತು. ಈಗ ಬರೀ ರಾಗಿ."

ನೆರೆಮನೆಯ ಗಂಗರತ್ನಮ್ಮ ಮೊಣಕೈವರೆಗೆ ಗರಿ ಗೀರಿದ ತೋಳು ತೋರಿಸುತ್ತ ಮುಂದೆ ಬಂದಳು. "ಅಲ್ಲ ಕಣಮ್ಮ, ಬುಟ್ಟಿದ್ರೆ ಇವತ್ತಿನ ಮಳೇಗೆ ನಿಂತಲ್ಲೇ ಮೊಳ್ಕೆ ಬಂದಿರೋದು. ಆಗ ರಾಗಿನೂ ಇಲ್ಲ, ದಾರನೂ ಇಲ್ಲ."

ಅವಳು ಹೇಳಿದ್ದು ನಿಜ. ನಾವು ಮಾತಾಡುತ್ತಿದ್ದಂತೆಯೇ ದಪ್ಪ ಹನಿಗಳು ಬಿದ್ದವು. ಮಳೆ ಎರಡು ದಿನ ಬಿಡಲಿಲ್ಲ. ಸಿಟ್ಟಾಗುವುದಕ್ಕೆ ನನಗೆ ಯಾರೂ ಸಿಗಲಿಲ್ಲ. ಬೊಮ್ಮಕ್ಕ ಮಾತ್ರ "ನಾನೇ ಬಿಚ್ಚಿ ಅಂದಿದ್ದು" ಎಂದು ಒಂದೇ ಸಲ ಹೇಳಿದಳು. ನನ್ನನ್ನು ಬಸ್ಸಿಗೆ ಹತ್ತಿಸುವಾಗ ಗೋಣಿಚೀಲದ ಕೊಪ್ಪೆ ನನ್ನ ತಲೆಗೆ ಹಾಕಿ ತಾನು ನೆನೆಯುತ್ತ ನಿಂತಿದ್ದಳು.

ಬೆಂಗಳೂರಿನಲ್ಲಿ ರೇಣುಕಯ್ಯ ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ಒರೆಸಿದರು. "ಬಿತ್ತದೆ ಉಳಿಸಿದ ಬೀಜ ಇದೆಯೇನಮ್ಮ?"

"ಸ್ವಲ್ಪ ಇದೆ ಸಾರ್."

"ಹಾಗಾದರೆ ಕಳೆದಿರುವುದು ಬೀಜವಲ್ಲ, ಕಾಲ. ಬೇಸಿಗೆಯಲ್ಲಿ ನೀರಿಟ್ಟು ಅದನ್ನೇ ಮತ್ತೆ ಬೆಳೆ. ಬೇಸಿಗೆಯಲ್ಲಿ ರೋಗ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಗಿಡ ಗಿಡದ ಬೀಜ ಬೇರೆ ಬೇರೆ ಸಿಕ್ಕರೆ ಸಾಕು. ಮುಂಗಾರಿನಲ್ಲಿ ಅವನ್ನು ನೆಳ್ಳೊಲದಲ್ಲಿ ಸಾಲಾಗಿ ಹಾಕಿದರೆ, ಮಕ್ಕಳನ್ನು ನೋಡಿ ತಾಯಿಯ ಗುಣ ತಿಳಿಯಬಹುದು." ಕನ್ನಡಕ ಹಾಕಿಕೊಂಡು ಸೇರಿಸಿದರು: "ಆದರೆ ನಮ್ಮ ನೀರಾವರಿ ನೆಲವೆಲ್ಲ ಬೇರೆಯವರಿಗೆ ಹಂಚಿಹೋಗಿದೆ. ಮುಂದಿನ ಮುಂಗಾರು ತಪ್ಪಿದರೆ ಯೋಜನೆ ಮುಗಿಯುತ್ತದೆ. ಅದರ ಜೊತೆ ನಿನ್ನ ಜಾಗವೂ."

ನನ್ನ ಹಿಂದಿನವರಲ್ಲಿ ನಮ್ಮ ಕಾಲೇಜಿನಿಂದ ಯಾವ ಹುಡುಗಿಗೂ ಅಂಥ ಜಾಗ ಸಿಕ್ಕಿರಲಿಲ್ಲ. ಮಧುಗಿರಿ, ಕೊರಟಗೆರೆಗಳಲ್ಲಿ ಬಾವಿಯಿರುವವರನ್ನೆಲ್ಲ ಕೇಳಿದೆ. ಬೇಸಿಗೆಯ ನೀರನ್ನು ಯಾರು ಬಿಟ್ಟುಕೊಡುತ್ತಾರೆ? ಕೊನೆಗೆ, ನೆಳ್ಳೊಲದ ಹೊಂಗೆಮರದ ಕೆಳಗೆ ಬಿಟ್ಟಿದ್ದ ನನ್ನ ಹಗ್ಗ, ಗೂಟಗಳನ್ನು ತೆಗೆದುಕೊಂಡು ಹೋಗಲು ಬಂದೆ. ಬೊಮ್ಮಕ್ಕ ಹೂವು ಬಿಡಿಸುತ್ತಿದ್ದಳು. ವಿಷಯ ಹೇಳಿದೆ.

"ಬೇಕಾಗಿರೋದು ನೀರು ತಾನೆ?" ಎಂದಳು.

"ನೀರು, ಒಂದು ತುಂಡು ನೆಲ."

ಅವಳು ಕೈಯಲ್ಲಿದ್ದ ಹೂವನ್ನು ಬುಟ್ಟಿಗೆ ಹಾಕಿ, ಕನಕಾಂಬರದ ಪಾತಿಗಳನ್ನು ಒಮ್ಮೆ ಸುತ್ತ ನೋಡಿದಳು. ಕಪಿಲೆಯ ಹತ್ತಿರ ಹಗ್ಗ ಹೊಸೆಯುತ್ತಿದ್ದ ಪಾಲಪ್ಪನನ್ನು ಕೂಗಿದಳು. "ಇಕಾ, ಕೇಳುಸ್ತಾ? ಈ ಗಿಡ ಕಿತ್ತಾಕು. ರಾಗಿ ಸಸಿಗೆ ಒಟ್ಲು ಬಿಡಾನ."

"ಹೂವ?"

"ಹೂವ ಒಂದ್ ಬೇಸ್ಗೆ ಸುಮ್ಕಿರ್ತದೆ."

"ಬೇಡ ಬೊಮ್ಮಕ್ಕ" ಎಂದೆ. "ನಿಮ್ಮ ಶುಕ್ರವಾರ ಏನಾಗಬೇಕು?"

"ಶುಕ್ರವಾರ ಶುಕ್ರವಾರವೇ ಆಗ್ತದೆ. ತಾಯಿಗೆ ಹೂವ ಕೊಡೋರು ಊರು ತುಂಬ ಅವ್ರೆ. ನಿನಗೆ ನೀರು ಕೊಡೋರು ಯಾರವ್ರೆ?" ಆಮೇಲೆ ಸ್ವರ ತಗ್ಗಿಸಿ ಹೇಳಿದಳು: "ಕೆಡ್ಸಿದ ಕೈಯೇ ನೆಟ್ಟಗೆ ಮಾಡ್ಬೇಕು ಕಣವ್ವ. ನೀನು ಬ್ಯಾಡ ಅಂದ್ರೆ ನನ್ ಮುಯ್ಯಿ ನನ್ ತಲೆ ಮ್ಯಾಲೇ ಉಳೀತದೆ. ಅಂಗೆ ಮಾಡ್ಬೇಡ."

ಪಾಲಪ್ಪ ಎದ್ದು ಬಂದ. ಹೂ ಬಿಟ್ಟ ಗಿಡದ ಬುಡಕ್ಕೆ ಗುದ್ದಲಿ ಹಾಕುವ ಮುಂಚೆ ಒಂದು ಗಳಿಗೆ ನಿಂತು, ಹೆಂಡತಿಯ ಕಡೆ ನೋಡಿ, "ಇವ್ಳು ಹುಟ್ಟಿದ್ದೇ ಇಂಗೆ" ಎಂದ. ಅವನ ಮಾತಿನಲ್ಲಿ ದೂರಿರಲಿಲ್ಲ.

ಆ ಬೇಸಿಗೆ ಹೂವಿಗೆ ಹೋಗುವ ನೀರೆಲ್ಲ ರಾಗಿಗೆ ಹೋಯಿತು. ಬೆಳಗಾಗುತ್ತಲೇ ಕಪಿಲೆಯ ರಾಟೆ ಕಿರುಗುಟ್ಟುವುದು, ಚರ್ಮದ ಚೀಲದಿಂದ ನೀರು ತೊಟ್ಟಿಗೆ ಧುಮುಕುವುದು, ಕಾಲುವೆಯಲ್ಲಿ ನೀರಿನ ತುದಿ ಒಣ ಮಣ್ಣನ್ನು ಮೂಸುತ್ತ ಮುಂದಕ್ಕೆ ಬರುವುದು. ಅದನ್ನು ನೋಡಿದಾಗೆಲ್ಲ ನನ್ನೊಳಗೆ ಏನೋ ಸಡಿಲವಾಗುತ್ತಿತ್ತು. ಶುಕ್ರವಾರ ಬೊಮ್ಮಕ್ಕ ಅಭ್ಯಾಸಬಲದಿಂದ ಹುಣಸೆಮರದ ಹತ್ತಿರ ಹೋಗುತ್ತಿದ್ದಳು. ಬಸ್ಸಿನ ಹೆಂಗಸರು ಹೂವೆಲ್ಲಿ ಎಂದರೆ, "ಈ ಸಲ ರಾಗಿ ಬೆಳ್ದಿವ್ನಿ. ತಾಯಿಗೆ ಮುದ್ದೆ ಇಕ್ಕಿ" ಎನ್ನುತ್ತಿದ್ದಳು. ಅವರು ನಗುತ್ತಿದ್ದರು. ಬಸ್ಸು ಹೋದ ಮೇಲೆ ಅವಳು ಬರಿಗೈ ನೋಡಿಕೊಳ್ಳುತ್ತಿದ್ದುದನ್ನು ನಾನು ದೂರದಿಂದ ಕಂಡಿದ್ದೇನೆ.

ಮೇ ತಿಂಗಳಲ್ಲಿ ತೆನೆ ಬಲಿತಾಗ ಅವಳು ಯಾರನ್ನೂ ಪಾತಿಗಳ ಹತ್ತಿರ ಬಿಡಲಿಲ್ಲ. ಗಂಗರತ್ನಮ್ಮ ಬದುವಿನ ಮೇಲೆ ಕಾಣಿಸಿದರೆ ಸಾಕು, "ಲೇ, ಆಚೆಗೋಗು! ಗಂಟು ಬಿಚ್ಚೋ ಕೈ ಈ ಕಡೆ ಬರಂಗಿಲ್ಲ."

"ಬಿಚ್ಚು ಅಂದೋಳು ನೀನೇ ಕಣೆ ಮಹಾತಾಯಿ!"

"ಅದ್ಕೇ ನಾನೂ ಮುಟ್ತಿಲ್ಲ, ನೋಡು." ಬೊಮ್ಮಕ್ಕ ಎರಡು ಕೈಯನ್ನೂ ಬೆನ್ನಿನ ಹಿಂದೆ ಕಟ್ಟಿ ನಿಂತಳು. ನಾನು ತೆನೆ ಕತ್ತರಿಸಿ ಚೀಲಕ್ಕೆ ಹಾಕುವವರೆಗೂ ಹಾಗೇ ನಿಂತಿದ್ದಳು.

ಮುಂಗಾರು ಬಂತು. ಒಂದೊಂದು ಗಿಡದ ಬೀಜ ಒಂದೊಂದು ಸಾಲಾಗಿ ನೆಳ್ಳೊಲಕ್ಕೆ ಇಳಿಯಿತು. ಹಿಂದಿನ ವರ್ಷದ ರೋಗ ಬಂದ ಹುಲ್ಲನ್ನು, ರೋಗ ತಗುಲಲೆಂದು, ಸಾಲುಗಳ ನಡುವೆ ಹರಡಿದೆವು. ಇನ್ನು ನಮ್ಮ ಕೆಲಸ ಮುಗಿಯಿತು, ಉಳಿದದ್ದು ಇಬ್ಬನಿಯ ಕೆಲಸ ಎಂದುಕೊಂಡೆ.

ಆ ವರ್ಷ ಇಬ್ಬನಿ ಬೀಳಲಿಲ್ಲ. ಮಳೆ ಬೇಗ ನಿಂತಿತು. ಗುಡ್ಡದ ಕಡೆಯಿಂದ ಒಣಗಾಳಿ ಬೀಸಿತು. ನೆಳ್ಳೊಲದ ರಾಗಿ ಹಿಂದೆಂದೂ ಕಾಣದಷ್ಟು ಆರೋಗ್ಯವಾಗಿ, ಹಸಿರಾಗಿ, ತೆನೆ ಹೊತ್ತು ತೂಗುತ್ತಿತ್ತು. ದಾರಿಹೋಕರು ನಿಂತು ಮೆಚ್ಚಿಕೊಂಡರು. ತಿಪ್ಪಯ್ಯನೇ ಬಂದು, "ಏನ್ ತಮ್ಮ, ನೆಳ್ಳೊಲ ಬಂಗಾರ ಆಗೋಯ್ತಲ್ಲ!" ಎಂದ. ನಾನೂ ಬೊಮ್ಮಕ್ಕನೂ ಹೊಂಗೆಮರದ ಕೆಳಗೆ ಸಪ್ಪೆ ಮುಖ ಮಾಡಿಕೊಂಡು ಕೂತಿದ್ದೆವು. ರೋಗ ಬರದಿದ್ದರೆ ಯಾವ ಸಾಲು ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ತಿಳಿಯುವ ದಾರಿಯೇ ಇಲ್ಲ.

ಆ ಶುಕ್ರವಾರ ಅವಳು ನನ್ನನ್ನು ಗೊರವನಹಳ್ಳಿಗೆ ಕರೆದುಕೊಂಡು ಹೋದಳು. ಸಾಲಿನಲ್ಲಿ ನಿಂತು, ನಮ್ಮ ಸರದಿ ಬಂದಾಗ, ಕೈ ಮುಗಿದು ಎಲ್ಲರಿಗೂ ಕೇಳಿಸುವಂತೆ ಬೇಡಿಕೊಂಡಳು: "ತಾಯಿ, ನಮ್ಮ ಹೊಲಕ್ಕೆ ಬೆಂಕಿ ರೋಗ ಕೊಡಮ್ಮ. ವರ್ಸಾವರ್ಸ ಕೇಳ್ದೆ ಇದ್ರೂ ಕೊಟ್ಟೆ, ಈಗ ಕೇಳ್ದಾಗ ಇಲ್ಲ ಅನ್ಬೇಡ."

ಹಿಂದಿದ್ದ ಹೆಂಗಸೊಬ್ಬಳು ಎದೆ ಮುಟ್ಟಿಕೊಂಡಳು. "ಅಯ್ಯೋ, ಬುಡ್ತು ಅನ್ನು ತಾಯಿ! ದೇವ್ರ ಮುಂದೆ ಎಂಥ ಮಾತು!"

"ನಿಮ್ಮ ಹೊಲಕ್ಕಲ್ಲ ಕಣಮ್ಮ, ನಮ್ಮದಕ್ಕೆ" ಎಂದು ಬೊಮ್ಮಕ್ಕ ಸಮಾಧಾನ ಹೇಳಿದಳು. ನಗು ತಡೆಯಲು ನಾನು ಕಂಬದ ಮರೆಗೆ ಹೋಗಬೇಕಾಯಿತು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, ಪ್ರಸಾದದ ಬಾಳೆಹಣ್ಣು ಸುಲಿದು ಬಾಯಿಗಿಟ್ಟಳು.

ಮೇಷ್ಟ್ರು ಬಂದು ನೋಡಿ, "ರೋಗದ ಬೀಜ ಹುಲ್ಲಿನಲ್ಲಿ ಇದ್ದೇ ಇದೆ. ಗರಿ, ತೆನೆ ಸಂಜೆಯಿಂದ ಬೆಳಗಿನವರೆಗೆ ಒದ್ದೆಯಾಗಿದ್ದರೆ ಸಾಕು" ಎಂದರು. ಮೇಲಿನ ಹೊಲಗಳ ರಾಗಿ ಆಗಲೇ ಬಲಿತು ಗಟ್ಟಿಯಾಗಿರುವುದನ್ನು ಹಿಸುಕಿ ನೋಡಿ, ಅವಕ್ಕೇನೂ ಭಯವಿಲ್ಲವೆಂದು ಊರವರಿಗೆ ತಾವೇ ಹೇಳಿದರು. ಆದರೆ ಇಬ್ಬನಿಯ ಕೆಲಸವನ್ನು ಕೈಯಲ್ಲಿ ಮಾಡುವುದು ಹೇಗೆ? ನಾನು, ಬೊಮ್ಮಕ್ಕ, ಪಾಲಪ್ಪ ಮೂವರು ಕೆರೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು, ಬೇವಿನ ಸೊಪ್ಪಿನ ಕಟ್ಟನ್ನು ಅದ್ದಿ ಅದ್ದಿ ಪೈರಿನ ಮೇಲೆ ಚಿಮುಕಿಸಿದೆವು. ಎರಡು ಸಾಲು ಮುಗಿಯುವ ಹೊತ್ತಿಗೆ ಮೊದಲ ಸಾಲು ಆರಿಹೋಗಿತ್ತು.

ಮರುದಿನ ಸಂಜೆ ಕೆರೆಯ ಅಂಗಳದಲ್ಲಿ ಬಿಂದಿಗೆಗಳ ಸದ್ದಾಯಿತು. ತಲೆಯೆತ್ತಿ ನೋಡಿದರೆ ಹೆಂಗಸರ ಸಾಲು. ಮುಂದೆ ಗಂಗರತ್ನಮ್ಮ. ಹಿಂದಿನ ವರ್ಷ ನನ್ನ ರಾಗಿ ಕೊಯ್ದವರೇ ಎಲ್ಲರೂ.

"ಯಾರು ಕರೆದರು ನಿಮ್ಮನ್ನು?" ಎಂದೆ.

"ಕರೀಬೇಕಾ? ಆವತ್ತು ಗಂಟು ಬಿಚ್ಚಿದ್ದು ಬೊಮ್ಮಕ್ಕ ಒಬ್ಳೇನಾ?" ಗಂಗರತ್ನಮ್ಮ ಬಿಂದಿಗೆ ಇಳಿಸಿ ಸೆರಗು ಸಿಕ್ಕಿಸಿದಳು. "ಸೊಪ್ಪು ಕೊಡಿಲ್ಲಿ. ಪೈರಿಗೆ ರೋಗ ಬರ್ಲಿ ಅಂತ ನೀರು ಹೊತ್ತೋರು ಈ ಸೀಮೇಲೆಲ್ಲ ನಾವೇ ಇರ್ಬೇಕು. ಇನ್ನು ಅದ್ಕೆ ಆರತಿ ಎತ್ತೋದೊಂದು ಬಾಕಿ."

"ಎತ್ತಾನ ಬುಡು, ಬರ್ಲಿ ಮೊದ್ಲು" ಎಂದಳು ಬೊಮ್ಮಕ್ಕ.

ಆಮೇಲೆ ಪ್ರತಿ ಸಂಜೆಯೂ ಅವರು ಬಂದರು. ಬೇವಿನ ಸೊಪ್ಪು ಬೀಸಿದಾಗ ಇಳಿಬಿಸಿಲಿನಲ್ಲಿ ಹನಿಗಳು ಬೆಳಗಿ ತೆನೆಗಳ ಮೇಲೆ ಕೂರುತ್ತಿದ್ದವು. ಒಬ್ಬರ ಸೊಸೆಯ ಮೇಲೆ ಇನ್ನೊಬ್ಬರ ದೂರು, ನಗು, ಬಿಂದಿಗೆಯ ಸದ್ದು. ಅವರ ನಡುವೆ ನಡೆಯುವಾಗ, ಪದವಿ ಬರಲಿ ಬಿಡಲಿ, ನನಗೆ ಸಿಗಬೇಕಾದದ್ದು ಸಿಕ್ಕಿದೆ ಎನಿಸುತ್ತಿತ್ತು. ಆದರೂ ಬರಲಿ ಎಂದೇ ಬೇಡಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಬಸ್ಸು ಹುಣಸೆಮರಕ್ಕೆ ಇನ್ನೂ ದೂರವಿರುವಾಗಲೇ ರಸ್ತೆಯ ನಡುವೆ ಬೊಮ್ಮಕ್ಕ ಕಂಡಳು. ಎರಡು ಕೈಯನ್ನೂ ಮೇಲೆತ್ತಿ ಬೀಸುತ್ತಿದ್ದಳು. ಡ್ರೈವರು ಏನೋ ಅನಾಹುತವಾಗಿದೆಯೆಂದು ಬ್ರೇಕು ಹಾಕಿದ.

"ಬಂದ್ಬುಡ್ತು ಮಂಗಳವ್ವ! ಬಂದ್ಬುಡ್ತು!"

"ಏನಮ್ಮ ಬಂದದ್ದು?" ಎಂದು ಕಂಡಕ್ಟರು ಕೇಳಿದ.

"ಬೆಂಕಿ ರೋಗ!" ಎಂದಳು, ಮೊಮ್ಮಗು ಹುಟ್ಟಿದ ಸುದ್ದಿ ಹೇಳುವ ಮುಖದಲ್ಲಿ.

ಬಸ್ಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಇಳಿದು ಅವಳ ಜೊತೆ ಓಡಿದೆ. ಸಾಲು ಸಾಲಾಗಿ ನೋಡುತ್ತ ಹೋದೆವು. ಕೆಲವು ಸಾಲುಗಳ ಕುತ್ತಿಗೆಯೆಲ್ಲ ಕಪ್ಪು. ಕೆಲವು ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು. ಕೆಲವು ಸಾಲುಗಳಲ್ಲಿ ಒಂದೇ ಒಂದು ಕಪ್ಪಿಲ್ಲ. ಪಕ್ಕದ ಸಾಲು ಸುಟ್ಟಂತಾಗಿದ್ದರೂ ಅವು ಹಸಿರಾಗಿ ನಿಂತಿದ್ದವು. ಎಣಿಸಿ ನೋಡಿದಾಗ ಪೂರ್ತಿ ತಡೆದದ್ದು ಹೆಚ್ಚುಕಡಿಮೆ ಒಂದು ಪಾಲು, ಬೆರಕೆ ಎರಡು ಪಾಲು, ಪೂರ್ತಿ ಬಿದ್ದದ್ದು ಒಂದು ಪಾಲು. ಪುಸ್ತಕದಲ್ಲಿ ಓದಿದ ಲೆಕ್ಕ, ಮಣ್ಣಿನ ಮೇಲೆ.

ಬೊಮ್ಮಕ್ಕನಿಗೆ ಅದನ್ನು ಹೇಳಿದೆ. ಅವಳು ದಿಬ್ಬದ ಮೇಲಿನ ಭಾವನ ಹೊಲದ ಕಡೆ ನೋಡಿ, "ನಮ್ಮ ಭಾವನಿಗಿಂತ ನೆಟ್ಟಗೆ ಪಾಲು ಮಾಡ್ತದೆ ಕಣವ್ವ ನಿನ್ ರೋಗ" ಎಂದಳು. ಪಾಲಪ್ಪ ಜೋರಾಗಿ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ತಡೆದ ಸಾಲುಗಳಿಗೆ ಗುರುತು ಕಟ್ಟಬೇಕಿತ್ತು. ದಾರ ತಂದಿರಲಿಲ್ಲ. ಬೊಮ್ಮಕ್ಕ ಮನೆಗೆ ಹೋಗಿ ಬಟ್ಟೆಯ ಗಂಟು ತಂದಳು. ಆ ಮಳೆಯ ದಿನ ನಾನು ಅಲ್ಲೇ ಬಿಟ್ಟುಹೋಗಿದ್ದ ಬಿಳಿ ದಾರಗಳು. "ಹೂವ ಕಟ್ಟಕ್ಕೂ ತೆಗೀಲಿಲ್ಲ" ಎಂದಳು. ಆ ದಾರಗಳನ್ನೇ ಕಟ್ಟಿದೆವು.

ಕೊಯ್ಲಿನ ದಿನ ಮುಯ್ಯಾಳುಗಳೆಲ್ಲ ಬಂದರು. ತಡೆದ ಸಾಲುಗಳ ತೆನೆಯನ್ನು ನಾನು ಕೊಯ್ದು ಮೊರದಲ್ಲಿಟ್ಟುಕೊಂಡು ಕಣದ ಅಂಚಿಗೆ ಬಂದು ನಿಂತೆ. ದಾರ ಹಾಗೇ ಇತ್ತು. ಎಲ್ಲರೂ ಅದನ್ನೇ ನೋಡಿದರು. ಕಣ ಹೊಸದಾಗಿ ಸಾರಿಸಿತ್ತು, ನಡುವೆ ಆಗಲೇ ಒಕ್ಕಿದ ಮೇಲಿನ ಅರ್ಧದ ರಾಗಿಯ ರಾಶಿ, ಅದರ ಮೇಲೆ ತುಂಬೆ ಹೂವು. ನಾನು ಹಿಂದೆ ಸರಿದು, "ಇವನ್ನು ಮನೆಗೆ ತಗೊಂಡೋಗ್ತೀನಿ, ಜಗಲಿ ಮೇಲೆ ಬಿಡಿಸ್ಕೋತೀನಿ" ಎಂದೆ.

ಬೊಮ್ಮಕ್ಕ ಬಂದು ಮೊರಕ್ಕೆ ಕೈ ಹಾಕಿದಳು. ತಾನೇ ಹೊತ್ತು ಕಣದೊಳಗೆ ನಡೆದಳು. ರಾಶಿಯ ಪಕ್ಕದಲ್ಲಿ ಇಟ್ಟಳು.

"ಗಂಟು, ಬೊಮ್ಮಕ್ಕ" ಎಂದಳು ಗಂಗರತ್ನಮ್ಮ ಮೆಲ್ಲಗೆ.

"ಗೊತ್ತು ಕಣೆ. ಇದುನ್ನ ಬಿಚ್ಚಿ ಒಂದ್ಸಲ ನೋಡಾಯ್ತಲ್ಲ" ಎಂದಳು ಬೊಮ್ಮಕ್ಕ. "ಇವತ್ತು ಕಟ್ಟಿದ್ದೇ ಇರ್ಲಿ."

ಬೆಂಗಳೂರಿನಲ್ಲಿ ಆ ಲೆಕ್ಕವನ್ನೆಲ್ಲ ತೂತು ಹೊಡೆದ ಕಾರ್ಡುಗಳಾಗಿ ಮಾಡಿ, ಸದಾ ತಣ್ಣಗಿರುವ ಒಂದು ಕೋಣೆಯ ದೊಡ್ಡ ಕಂಪ್ಯೂಟರಿಗೆ ಕೊಟ್ಟರು. ಅದು ಉದ್ದನೆಯ ಕಾಗದದ ಮೇಲೆ, ನಾವು ಬದುವಿನ ಮೇಲೆ ನಿಂತು ಎಣಿಸಿದ್ದು ಸರಿಯೆಂದು ಅಚ್ಚು ಹಾಕಿಕೊಟ್ಟಿತು. ಮರುವರ್ಷ ನನಗೆ ಪದವಿ ಬಂತು. ಈಗ ಮಧುಗಿರಿಯ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಬಿಳಿ ದಾರದ ಸಾಲುಗಳ ಬೀಜ ನೆಳ್ಳೊಲದಲ್ಲೂ ಬಿತ್ತಿದ್ದಾರೆ. ರೋಗ ಇನ್ನೂ ಬರುತ್ತದೆ, ಆದರೆ ಬಹುಪಾಲು ತೆನೆಗಳು ಕಾಳುಗಟ್ಟುತ್ತವೆ. ಬಾವಿಯ ಪಕ್ಕದಲ್ಲಿ ಕನಕಾಂಬರ ಮತ್ತೆ ಹಬ್ಬಿದೆ. ಶುಕ್ರವಾರ ಬಸ್ಸಿನ ಕಿಟಕಿಯಿಂದ ಕೈಗಳು ಚಾಚುತ್ತವೆ.

ವರ್ಷವೂ ಕೊಯ್ಲಿಗೆ ರಜೆ ಹಾಕಿ ಮುಯ್ಯಾಳಾಗಿ ಹೋಗುತ್ತೇನೆ. ನನ್ನ ಕುಡುಗೋಲು ನಿಧಾನ. ಉಳಿದವರು ಸಾಲಿನ ಕೊನೆ ಮುಟ್ಟಿ ಎಲೆ ಅಡಿಕೆ ಹಾಕಿಕೊಳ್ಳುವಾಗ ನಾನಿನ್ನೂ ನಡುವೆ ಇರುತ್ತೇನೆ. ಕಳೆದ ವರ್ಷ ಗಂಗರತ್ನಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇಂಗೆ ಕುಯ್ದ್ರೆ ಈ ಅಮ್ಮಯ್ಯನ ಮುಯ್ಯಿ ತೀರೋದು ಯಾವಾಗ್ಲೆ ಬೊಮ್ಮಿ?" ಎಂದಳು.

ಬೊಮ್ಮಕ್ಕ ನನ್ನ ಪಕ್ಕಕ್ಕೆ ಬಂದು, ನನ್ನ ಸಾಲಿನ ಅರ್ಧ ತಾನು ಹಿಡಿದುಕೊಂಡು ಬಗ್ಗಿದಳು.

"ತೀರ್ಸಾಕೆ ಬುಡಲ್ಲ ಕಣೆ. ತೀರೋದ್ರೆ ಬತ್ತಾಳಾ ಇವ್ಳು?"